ಹೊಟ್ಟೆಯೆಂಬ ಅಮಾನತ್ ಮತ್ತು ನಮ್ಮ ಮನೆಯ ಹಿರಿಯರು

(ಅವರ್ಸಾದಲ್ಲಿ ನೀಡಿದ ಜುಮುಅ ಪ್ರವಚನದ ಸಾರಾಂಶ)

 



ಈ ವಾರ ನಾವು ಹೊಟ್ಟೆಯ ಬಗ್ಗೆ ಮಾತಾಡೋಣ. ಹೊಟ್ಟೆಗೆ ಏನು ಹೋಗಬಾರದು ಎಂಬುದು ನಮ್ಮ ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಹೊರಗೆ ಊಟಕ್ಕೆ ಹೋದರೆ ಹಲಾಲ್ ಹೌದೋ ಅಲ್ಲವೋ ಎಂದು ಅವರೇ ಮೊದಲು ಕೇಳುತ್ತಾರೆ. ಆದರೆ ಹಲಾಲ್ ಆದದ್ದನ್ನೇ ಎಷ್ಟು ತಿನ್ನಬೇಕು, ಯಾವ ವಯಸ್ಸಿನಲ್ಲಿ ಹೇಗೆ ತಿನ್ನಬೇಕು ಎನ್ನುವಲ್ಲಿ ನಮ್ಮ ಎಚ್ಚರ ಮುಗಿದುಹೋಗುತ್ತದೆ. ಪವಿತ್ರ ಕುರ್‌ಆನ್ ತಿನ್ನಲು, ಕುಡಿಯಲು ಹೇಳಿದ ವಚನದಲ್ಲಿಯೇ ಮಿತಿ ಮೀರಬೇಡಿ ಎಂದೂ ಎಚ್ಚರಿಸಿದೆ. ಅನುಮತಿಯನ್ನು ನಾವು ನೆನಪಿಟ್ಟುಕೊಂಡಿದ್ದೇವೆ, ಮಿತಿಯನ್ನು ಮರೆತಿದ್ದೇವೆ.

ಹೊಟ್ಟೆಯ ಮೂರನೇ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಮಿಕ್ದಾಮ್(ರ) ವರದಿ ಮಾಡಿದ ಆ ಹದೀಸಿನ ಆರಂಭವನ್ನು ಕಡಿಮೆ ಜನ ನೆನೆಯುತ್ತಾರೆ. ಬೆನ್ನು ನೆಟ್ಟಗೆ ನಿಲ್ಲಿಸಲು ಕೆಲವು ತುತ್ತುಗಳೇ ಮನುಷ್ಯನಿಗೆ ಸಾಕು ಎಂದು ಪ್ರವಾದಿ(ಸ) ಮೊದಲು ಹೇಳಿದ್ದಾರೆ. ಮೂರು ಪಾಲಿನ ಲೆಕ್ಕ ಅದಕ್ಕಿಂತ ಹೆಚ್ಚು ತಿನ್ನಲೇಬೇಕು ಎನ್ನುವವರಿಗೆ ಕೊಟ್ಟ ರಿಯಾಯಿತಿ. ಮದುವೆ ಮನೆಯ ಬಿರಿಯಾನಿ ತಟ್ಟೆಯ ಮುಂದೆ ಈ ರಿಯಾಯಿತಿಯೂ ನಮಗೆ ನೆನಪಾಗುವುದಿಲ್ಲ ಎಂಬುದು ಬೇರೆ ಮಾತು.

ಇನ್ನೊಂದು ಹದೀಸ್ ಇದೆ. ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದವರಿಗೆ ಪ್ರವಾದಿ(ಸ) ಹೌದು ಎಂದರು. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಟ್ಟಿಲ್ಲ, ಒಂದನ್ನು ಬಿಟ್ಟು ಎಂದರು. ಆ ಒಂದು ಯಾವುದು? ಮುಪ್ಪು. ಇಂದು ಮೊಬೈಲಿನಲ್ಲಿ ವಯಸ್ಸು ಹಿಂದಕ್ಕೆ ತರುವ ಪುಡಿ, ಕರುಳು ತೊಳೆಯುವ ಕಷಾಯ ಎಂದೆಲ್ಲ ವಿಡಿಯೋ ಬರುತ್ತವೆ. ಅದರ ಮೇಲೊಂದು ಹದೀಸ್ ಅಂಟಿಸಿಬಿಟ್ಟರೆ ನಮ್ಮವರು ಮಾರನೆಯ ದಿನವೇ ಹಣ ಕಳಿಸುತ್ತಾರೆ. ಮುಪ್ಪನ್ನು ತಡೆಯುವ ಪುಡಿ ಯಾವ ಅಂಗಡಿಯಲ್ಲೂ ಇಲ್ಲ. ಮುಪ್ಪಿನಲ್ಲಿ ತನ್ನ ಕಾಲ ಮೇಲೆ ನಿಂತು ವುಝೂ ಮಾಡಿ ಸಜ್ದಾಕ್ಕೆ ಬಾಗುವ ಶಕ್ತಿ ಉಳಿಸಿಕೊಳ್ಳಲು ಮಾತ್ರ ಪ್ರಯತ್ನಿಸಬಹುದು, ಮತ್ತು ಆ ಪ್ರಯತ್ನದ ದೊಡ್ಡ ಭಾಗ ಅಡುಗೆಮನೆಯಲ್ಲೇ ಇದೆ.

ವೈದ್ಯರು ಹೇಳುವ ಪ್ರಕಾರ ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಅವುಗಳಲ್ಲಿ ಬಹುಪಾಲು ನಮಗೆ ಶತ್ರುಗಳಲ್ಲ. ಸೊಪ್ಪು, ಕಾಳು, ಹಣ್ಣು, ತವುಡು ಇರುವ ಧಾನ್ಯಗಳ ನಾರನ್ನು ನಾವು ಜೀರ್ಣಿಸಲಾರೆವು, ಅವು ಜೀರ್ಣಿಸುತ್ತವೆ. ಹಾಗೆ ಮಾಡುವಾಗ ಹುಟ್ಟುವ ಕೆಲವು ಆಮ್ಲಗಳು ನಮ್ಮ ಕರುಳಿನ ಒಳಪದರಕ್ಕೆ ಆಹಾರವಾಗುತ್ತವೆ. ನಾವು ಕಣ್ಣಲ್ಲಿ ಕಾಣದ ಇಷ್ಟು ಜೀವಿಗಳನ್ನು ನಮ್ಮ ಸೇವೆಗೆ ಇಟ್ಟವನ ಕೃಪೆಗೆ ಶುಕ್ರ್ ಹೇಳಿ ಮುಗಿಯದು. ಅವುಗಳಿಗೆ ಬೇಕಾದದ್ದನ್ನು ತಿನ್ನದೆ, ಬರೀ ಮೈದಾ, ಸಕ್ಕರೆ, ಕರಿದದ್ದು ತಿಂದರೆ ಅವು ಬಡವಾಗುತ್ತವೆ.

ಐರ್ಲೆಂಡಿನಲ್ಲಿ 178 ಮಂದಿ ವೃದ್ಧರನ್ನು ಪರೀಕ್ಷಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತಮ್ಮ ಮನೆಯಲ್ಲೇ ಬದುಕುತ್ತಿದ್ದ ವೃದ್ಧರ ಕರುಳಿನಲ್ಲಿ ಬಗೆಬಗೆಯ ಸೂಕ್ಷ್ಮಜೀವಿಗಳಿದ್ದವು. ದೀರ್ಘಕಾಲ ಆರೈಕೆ ಕೇಂದ್ರಗಳಲ್ಲಿ ಇದ್ದವರಲ್ಲಿ ಆ ವೈವಿಧ್ಯ ಕಡಿಮೆಯಾಗಿತ್ತು, ಅವರ ಊಟದ ವೈವಿಧ್ಯವೂ ಕಡಿಮೆಯಿತ್ತು, ದೇಹವೂ ಹೆಚ್ಚು ದುರ್ಬಲವಾಗಿತ್ತು. ಊಟವೇ ಎಲ್ಲಕ್ಕೂ ಕಾರಣ ಎಂದು ಇದರಿಂದ ಹೇಳಲಾಗದು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸ್ವಲ್ಪ ಮುಂದೆ ಹೋಯಿತು. ಯುರೋಪಿನ ಐದು ದೇಶಗಳ, 65ರಿಂದ 79 ವಯಸ್ಸಿನ 612 ಮಂದಿಯನ್ನು ಆರಿಸಿ, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ವರ್ಷ ತರಕಾರಿ, ಕಾಳು, ಹಣ್ಣು, ಮೀನು ಹೆಚ್ಚಿರುವ, ಕೆಂಪು ಮಾಂಸ ಕಡಿಮೆ ಇರುವ ಊಟವನ್ನು ಅನುಸರಿಸಲು ಹೇಳಲಾಯಿತು. ಅದನ್ನು ನಿಷ್ಠೆಯಿಂದ ಪಾಲಿಸಿದವರ ಕರುಳಿನಲ್ಲಿ ಒಳ್ಳೆಯ ಬದಲಾವಣೆ ಕಂಡಿತು, ದುರ್ಬಲತೆಯ ಲಕ್ಷಣಗಳು ಕಡಿಮೆ, ನೆನಪಿನ ಶಕ್ತಿ ಮೇಲು. ಎಪ್ಪತ್ತು ದಾಟಿದ ಮೇಲೆ ಇನ್ನೇನು ಬದಲಾಯಿಸುವುದು ಎನ್ನುವವರು ಇದನ್ನು ಗಮನಿಸಬೇಕು.

ಅದಕ್ಕಾಗಿ ಆಲಿವ್ ಎಣ್ಣೆಯ ಬಾಟಲಿಗೆ ದುಬೈಯಿಂದ ಬರುವವರನ್ನು ಕಾಯಬೇಕಿಲ್ಲ. ತರಕಾರಿ, ಕಾಳು, ಮೀನು ಈ ಕರಾವಳಿಯ ಹಳೆಯ ಊಟವೇ. ಅಂಕೋಲಾ ಪೇಟೆಯಲ್ಲಿ ಹಾಲಕ್ಕಿ ತಾಯಂದಿರು ಬುಟ್ಟಿಯಲ್ಲಿ ತಂದು ಕೂರುವ ಹರಿವೆ, ಬಸಳೆ, ಹೀರೆಕಾಯಿ, ಮೊಗೆಕಾಯಿಯನ್ನು ದಾಟಿಕೊಂಡು ಹೋಗಿ ನಾವು ಬೇಕರಿಯಲ್ಲಿ ಬ್ರೆಡ್ಡು, ಖಾರಿ ಕಟ್ಟಿಸಿಕೊಳ್ಳುತ್ತೇವೆ. ಹುರುಳಿ, ಅಲಸಂದೆ, ಹೆಸರು ಕಾಳು ಬಡವರ ಊಟ ಎಂಬ ಭಾವನೆ ಯಾವಾಗ ಬಂತೋ ಗೊತ್ತಿಲ್ಲ. ತಾರ್ಲೆ, ಬಂಗಡೆಯಂಥ ಎಣ್ಣೆಯಂಶದ ಮೀನು ಹೃದಯಕ್ಕೆ ಒಳ್ಳೆಯದೆಂದು ಜಗತ್ತೇ ಹೇಳುತ್ತಿದೆ, ಆದರೆ ನೆಂಟರು ಬಂದರೆ ಅದನ್ನು ಬಡಿಸಲು ನಮಗೆ ಸಂಕೋಚ. ಕುಚ್ಚಲಕ್ಕಿಯನ್ನು ಭತ್ತವಿರುವಾಗಲೇ ಬೇಯಿಸುವುದರಿಂದ ತವುಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಕಾಳಿನೊಳಗೆ ಇಳಿಯುತ್ತದೆ. ನಮ್ಮ ದಾದಿ, ನಾನಿಯರಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ಗಂಜಿ ಹೊಟ್ಟೆಗೆ ಹಿತ ಎಂಬುದು ಗೊತ್ತಿತ್ತು. ಮಜ್ಜಿಗೆ, ಮೊಸರಿನ ವಿಷಯವೂ ಹಾಗೆಯೇ. ನೊಬೆಲ್ ಪಡೆದ ವಿಜ್ಞಾನಿ ಮೆಚ್ನಿಕಾಫ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಲ್ಗೇರಿಯಾದ ರೈತರ ಹುಳಿ ಹಾಲನ್ನು ನೋಡಿ ದೀರ್ಘಾಯುಷ್ಯದ ಗುಟ್ಟು ಇದೇ ಎಂದುಕೊಂಡರು. ಅಷ್ಟು ದೊಡ್ಡ ಮಾತನ್ನು ಇಂದು ಯಾರೂ ಹೇಳುವುದಿಲ್ಲ, ಆದರೆ ಊಟದ ಜೊತೆ ಒಂದು ಲೋಟ ಮಜ್ಜಿಗೆ ಒಳ್ಳೆಯದು ಎನ್ನಲು ಅಡ್ಡಿಯಿಲ್ಲ.

ಆದರೂ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹಳೆಯದೆಲ್ಲ ಒಳ್ಳೆಯದಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ ಒಣಮೀನು, ಉಪ್ಪಿನಕಾಯಿಯ ಮೇಲೆ ಮನೆ ನಡೆಯುತ್ತದೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಇರುವ ಅಜ್ಜನ ತಟ್ಟೆಗೆ ಒಣಮೀನಿನ ಚಟ್ನಿ ದಿನವೂ ಬಿದ್ದರೆ ಆ ಲೆಕ್ಕ ಬೆಳಗಿನ ಗಂಜಿಯಲ್ಲೇ ದಾಟಿರುತ್ತದೆ. ಇನ್ನು ಗಂಜಿ-ಉಪ್ಪಿನಕಾಯಿ ಮಾತ್ರ ಕೊಟ್ಟು, ಅಜ್ಜಿಗೆ ಅದೇ ಇಷ್ಟ ಎನ್ನುವುದೂ ಸರಿಯಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಅದಕ್ಕೆ ಮೊಟ್ಟೆ, ಮೀನು, ಬೇಳೆಯ ಪ್ರೋಟೀನ್ ಬೇಕು. ಎಷ್ಟೋ ಸಲ ಅಜ್ಜಿಗೆ ಇಷ್ಟವಿರುವುದು ಗಂಜಿಯಲ್ಲ. ಹಲ್ಲಿಲ್ಲ, ಬೇರೇನೂ ಅಗಿಯಲಾಗದು, ಮೆತ್ತಗೆ ಬೇಯಿಸಿ ಕೊಡಿ ಎಂದು ಸೊಸೆಯನ್ನು ಕೇಳಲು ಸಂಕೋಚ. ಬೇಳೆಯನ್ನು ಮಸೆದು, ಮೀನಿನ ಮುಳ್ಳು ತೆಗೆದು ಗಂಜಿಗೆ ಸೇರಿಸಿ ಕೊಡಲು ಹತ್ತು ನಿಮಿಷ ಸಾಕು. ಇದು ಸೊಸೆಯೊಬ್ಬಳ ಕೆಲಸ ಎಂದು ಗಂಡಸರು ತಿಳಿಯಬಾರದು. ತಂದೆತಾಯಿ ಮುಪ್ಪಿಗೆ ಬಂದಾಗ ಅವರಿಗೆ ‘ಛೆ’ ಎಂದೂ ಅನ್ನಬಾರದೆಂಬ ಆದೇಶ ಇಳಿದದ್ದು ಮಕ್ಕಳಿಗೆ.

ಮಾಂಸ ಹಲಾಲ್, ಅದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಸಾಸೇಜಿನಂಥ ಸಂಸ್ಕರಿಸಿದ ಮಾಂಸ ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವೆಂದು, ಕೆಂಪು ಮಾಂಸ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿಯೇ ಹೇಳಿದೆ. ಪ್ರವಾದಿ(ಸ)ರ ಮನೆಯಲ್ಲಿ ಎರಡು ತಿಂಗಳು ಒಲೆ ಉರಿಯದೆ ಖರ್ಜೂರ ಮತ್ತು ನೀರಿನಲ್ಲಿ ದಿನ ಕಳೆದದ್ದುಂಟು ಎಂದು ಹಝ್ರತ್ ಆಯಿಶಾ(ರ) ನೆನೆದಿದ್ದಾರೆ. ದಿನವೂ ಮಾಂಸವಿಲ್ಲದೆ ಊಟವೇ ಅಲ್ಲ ಎನ್ನುವುದು ಸುನ್ನತ್ ಅಲ್ಲ, ಹೊಸ ಹಣದ ಅಭ್ಯಾಸ.

ಈಗ ಯಾರೂ ಮಾತಾಡದ ವಿಷಯಕ್ಕೆ ಬರೋಣ. ಮಲಬದ್ಧತೆ. ಹಿರಿಯರಲ್ಲಿ ಇದು ಬಹಳ ಸಾಮಾನ್ಯ, ಮತ್ತು ಬಹಳ ಮುಚ್ಚಿಡುವ ಕಷ್ಟ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ. ಅದರ ಮೇಲೆ ಎಷ್ಟೋ ಹಿರಿಯರು ಬೇಕೆಂದೇ ನೀರು ಕುಡಿಯುವುದಿಲ್ಲ. ಯಾಕೆ? ಪಾಯಖಾನೆ ಹಿತ್ತಿಲಿನಲ್ಲಿದೆ, ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ರಾತ್ರಿ ದೀಪವಿಲ್ಲ, ಕುಕ್ಕರಗಾಲಿನಲ್ಲಿ ಕೂತರೆ ಏಳಲಾಗದು. ನಾರಿನ ಊಟ ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ತೊಂದರೆ ಇನ್ನೂ ಬಿಗಡಾಯಿಸುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು. ಉಳಿದವರಿಗೆ ನೀರಿನ ಮಾತಿಗಿಂತ ಮೊದಲು ಒಂದು ಕಮೋಡು, ಗೋಡೆಗೆ ಹಿಡಿಕೆ, ಒಂದು ಬಲ್ಬು ಬೇಕು. ಗಲ್ಫಿನಿಂದ ಹಣ ಬಂದಾಗ ಮನೆಯ ಮುಂದಿನ ಗೇಟು ಬದಲಾಗುತ್ತದೆ, ನುಣುಪಾದ ಟೈಲ್ಸು ಬೀಳುತ್ತದೆ, ಅದರ ಮೇಲೆ ಅಮ್ಮಿ ಜಾರುತ್ತಾರೆ. ಖರ್ಚಿನ ಕ್ರಮವನ್ನು ಸ್ವಲ್ಪ ತಿರುಗಿಸಬೇಕು.

ಮಲದಲ್ಲಿ ರಕ್ತ ಕಂಡರೆ, ಮಲದ ಬಣ್ಣ ಡಾಂಬರಿನಂತೆ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ವರ್ಷಗಳಿಂದ ಇದ್ದ ಅಭ್ಯಾಸ ಐವತ್ತರ ನಂತರ ಒಮ್ಮೆಲೇ ಬದಲಾದರೆ ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಬಾರದು. ಹೆಂಗಸರು ಇದನ್ನು ಮಗನಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಧರ್ಮದ ವಿಷಯ ತಿಳಿಯಲು ಲಜ್ಜೆ ಅಡ್ಡಿಯಾಗಲಿಲ್ಲ ಎಂದು ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದರು. ದೇಹದ ವಿಷಯದಲ್ಲಿಯೂ ಆ ಧೈರ್ಯ ಬೇಕು. ನಮ್ಮ ಊರಿನಲ್ಲಿ ತಡ ಮಾಡುವುದು ಇನ್ನೂ ಅಪಾಯ. ಅಂಕೋಲಾ, ಕಾರವಾರದ ಆಸ್ಪತ್ರೆಗಳಲ್ಲಿ ಆಗದ ಚಿಕಿತ್ಸೆಗೆ ಮಂಗಳೂರು, ಮಣಿಪಾಲ, ಗೋವಾ, ಹುಬ್ಬಳ್ಳಿ ಎಂದು ಹೊರಡಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ, ಅದರಲ್ಲಿ ನಮ್ಮ ದನಿಯೂ ಸೇರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ದಕ್ಷಿಣದ ಕಡೆಗೆ ನಮ್ಮ ನೇರ ದಾರಿಯೇ ಇರಲಿಲ್ಲ. ಇಂಥ ಊರಿನಲ್ಲಿ ಕಾಯಿಲೆಯನ್ನು ಮೊದಲ ವಾರದಲ್ಲಿ ಹೇಳುವುದಕ್ಕೂ ಆರನೇ ತಿಂಗಳಲ್ಲಿ ಹೇಳುವುದಕ್ಕೂ ವ್ಯತ್ಯಾಸ ದೊಡ್ಡದು.

ರಮಝಾನಿನ ಬಗ್ಗೆ ಎರಡು ಮಾತು. ಪ್ರವಾದಿ(ಸ) ಖರ್ಜೂರದಿಂದ, ಅದಿಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ಉಪವಾಸ ತೊರೆಯುತ್ತಿದ್ದರು. ನಮ್ಮ ಇಫ್ತಾರ್ ಸಮೋಸ, ಪಕೋಡ, ಬಣ್ಣದ ಶರಬತ್ತಿನಿಂದ ಶುರುವಾಗಿ ತರಾವೀಹ್‌ನಲ್ಲಿ ಹೊಟ್ಟೆ ಹಿಡಿದುಕೊಂಡು ನಿಲ್ಲುವುದರಲ್ಲಿ ಮುಗಿಯುತ್ತದೆ. ಹಿರಿಯರಿಗೆ ಇದು ಒಂದು ತಿಂಗಳ ಶಿಕ್ಷೆ. ಉಪವಾಸ ಹಿಡಿಯಲಾಗದ ವೃದ್ಧರು ದಿನಕ್ಕೊಬ್ಬ ಬಡವನಿಗೆ ಊಟ ಕೊಡುವ ಫಿದ್ಯಾದ ಅವಕಾಶವನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಇನ್ಸುಲಿನ್ ತೆಗೆದುಕೊಳ್ಳುವ ಎಪ್ಪತ್ತೈದರ ತಾಯಿ ಅಕ್ಕಪಕ್ಕದವರು ಏನಂದಾರು ಎಂದು ಉಪವಾಸ ಹಿಡಿದು ಮಧ್ಯಾಹ್ನ ಬೆವರಿ ಬಿದ್ದರೆ, ಆ ಹೆದರಿಕೆಯನ್ನು ಹುಟ್ಟಿಸಿದ ನಾವು ಅಲ್ಲಾಹನ ರಿಯಾಯಿತಿಗೆ ಅಡ್ಡ ನಿಂತಂತೆ. ಶಾಬಾನ್ ತಿಂಗಳಲ್ಲಿಯೇ ವೈದ್ಯರನ್ನು ಕೇಳಿ, ಆಮೇಲೆ ಆಲಿಮರನ್ನು ಕೇಳಿ.

ಕೊನೆಯದಾಗಿ ಮಾತ್ರೆಗಳು. ಗ್ಯಾಸ್ಟ್ರಿಕ್ ಮಾತ್ರೆಯನ್ನು ನಮ್ಮ ಹಿರಿಯರು ಚಹಾದಷ್ಟೇ ಸಲೀಸಾಗಿ, ವರ್ಷಗಟ್ಟಲೆ ನುಂಗುತ್ತಾರೆ. ಅದು ಕೆಲವರಿಗೆ ನಿಜವಾಗಿ ಬೇಕು, ಎಲ್ಲರಿಗೂ ಬೇಡ. ಆಮ್ಲವನ್ನು ತಡೆಯುವ ಮಾತ್ರೆಯೂ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯೂ ಬಹುಕಾಲ ಹೋದರೆ ದೇಹದಲ್ಲಿ ಬಿ12 ಕಡಿಮೆಯಾಗುವ ಸಂಭವವಿದೆ, ಅದರಿಂದ ಕಾಲು ಜೋಮು ಹಿಡಿಯಬಹುದು, ಮರೆವು ಬರಬಹುದು. ವಯಸ್ಸಾಯಿತು, ಇನ್ನೇನು ಎಂದು ನಾವು ಬಿಟ್ಟುಬಿಡುವ ಮರೆವು ಕೆಲವೊಮ್ಮೆ ಇದಾಗಿರಬಹುದು. ಜ್ವರ ಬಂದಾಗಲೆಲ್ಲ ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ಆಂಟಿಬಯೋಟಿಕ್ ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತದೆ. ಹಾಗೆಂದು ಇಂದೇ ಯಾರೂ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಜೇನು, ಕಲೋಂಜಿಯ ಹೆಸರಿನಲ್ಲಿಯೂ ನಿಲ್ಲಿಸಬೇಡಿ. ಇವತ್ತು ಅಸರ್ ನಮಾಝಿನ ಬಳಿಕ ತಂದೆತಾಯಿಯ ಬಳಿ ಕೂತು, ತಲೆದಿಂಬಿನ ಕೆಳಗೆ, ಡಬ್ಬಿಯಲ್ಲಿ, ಕಿಟಕಿಯಲ್ಲಿ ಇರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಯಾವುದು ಎಷ್ಟು ವರ್ಷದಿಂದ, ಯಾರು ಬರೆದುಕೊಟ್ಟದ್ದು ಎಂದು ಚೀಟಿಯಲ್ಲಿ ಬರೆಯಿರಿ. ಸೋಮವಾರ ಆ ಚೀಲವನ್ನೂ ಅವರನ್ನೂ ಕರೆದುಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿದು ಕೇಳಿ.