ತಲೆಸುತ್ತಿಗೂ ರೂಢಿಯಾಗುವ ಮೆದುಳು

ಕ್ಯಾಮೆರಾ ಹಿಡಿದು ನಡೆಯುತ್ತಾ ಚಿತ್ರೀಕರಿಸಿದರೆ ಪರದೆಯ ಮೇಲೆ ದೃಶ್ಯ ಕುಲುಕಾಡುತ್ತದೆ. ದೂರದರ್ಶನದಲ್ಲಿ ದುಡಿಯುವ ನಮಗೆ ಇದು ದಿನನಿತ್ಯದ ತೊಂದರೆ. ರಸ್ತೆಯಲ್ಲಿ ನಡೆಯುವಾಗ ನಿಮ್ಮ ತಲೆಯೂ ಹೀಗೆಯೇ ಕುಲುಕುತ್ತದೆ. ಆದರೂ ಎದುರಿನ ಅಂಗಡಿಯ ಬೋರ್ಡನ್ನು ನೀವು ಸಲೀಸಾಗಿ ಓದುತ್ತೀರಿ. ಇದು ಹೇಗೆ ಸಾಧ್ಯ?

ಇದಕ್ಕೆ ಕಾರಣ ನಮ್ಮ ಒಳಕಿವಿ. ಪ್ರತಿ ಕಿವಿಯಲ್ಲೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ಈ ದ್ರವ ಕ್ಷಣಕಾಲ ಹಿಂದುಳಿಯುತ್ತದೆ. ಆಗ ಸೂಕ್ಷ್ಮ ರೋಮಗಳು ಬಾಗಿ ಮೆದುಳಿಗೆ ಸುದ್ದಿ ಹೋಗುತ್ತದೆ. ಕೂಡಲೇ ಕಣ್ಣುಗಳು ಎದುರು ದಿಕ್ಕಿಗೆ ಹೊರಳಿ ದೃಶ್ಯವನ್ನು ಅಲುಗದಂತೆ ಹಿಡಿಯುತ್ತವೆ. ಈ ಅಂಗದ ಅಧ್ಯಯನಕ್ಕಾಗಿಯೇ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಯವರಿಗೆ 1914ರ ನೊಬೆಲ್ ಪಾರಿತೋಷಕ ಸಂದಿತು.

ಈಗ, ಸೋಂಕಿನಿಂದಲೋ ಪೆಟ್ಟಿನಿಂದಲೋ ಒಂದು ಬದಿಯ ಒಳಕಿವಿ ಕೆಟ್ಟಿತೆನ್ನಿ. ಎರಡು ಕಿವಿಗಳ ವರದಿ ತಾಳೆಯಾಗುವುದಿಲ್ಲ. ಮಲಗಿದ್ದರೂ ಕೋಣೆ ಗಿರ್ರನೆ ತಿರುಗುತ್ತದೆ, ವಾಂತಿಯಾಗುತ್ತದೆ. ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕೇಬೇಕು. ಆದರೆ ಆಮೇಲೂ ಅನೇಕರು ಭಯದಿಂದ ತಲೆ ಅಲ್ಲಾಡಿಸದೆ ಮಲಗಿಯೇ ಇರುತ್ತಾರೆ. ತೊಡಕು ಶುರುವಾಗುವುದು ಇಲ್ಲಿಯೇ.

ಒಂದೇ ಬಗೆಯ ಚಲನೆ ಮತ್ತೆ ಮತ್ತೆ ಎದುರಾದರೆ ಮೆದುಳು ಅದಕ್ಕೆ ಗಾಬರಿಗೊಳ್ಳುವುದನ್ನು ಕಡಿಮೆ ಮಾಡುತ್ತದೆ. ಹಡಗಿನವರಿಗೆ ಕೆಲವು ದಿನಗಳಲ್ಲಿ ಸಮುದ್ರ ಒಗ್ಗುವುದು ಹೀಗೆಯೇ. 2013ರಲ್ಲಿ ಪ್ರಕಟವಾದ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಧ್ಯಯನವೊಂದರಲ್ಲಿ 29 ಬ್ಯಾಲೆ ನರ್ತಕಿಯರನ್ನೂ ದೋಣಿ ನಡೆಸುವ 20 ಕ್ರೀಡಾಪಟುಗಳನ್ನೂ ಕತ್ತಲಲ್ಲಿ ಕುರ್ಚಿಯ ಮೇಲೆ ತಿರುಗಿಸಿದರು. ಕುರ್ಚಿ ನಿಂತ ಮೇಲೂ ಉಳಿಯುವ ತಿರುಗುವಿಕೆಯ ಭಾವನೆ ನರ್ತಕಿಯರಲ್ಲಿ ಬೇಗನೆ ಅಡಗಿತು. ಅವರ ಅನುಮಸ್ತಿಷ್ಕದಲ್ಲಿ, ಅಂದರೆ ತಲೆಯ ಹಿಂಬದಿಯ ಕಿರುಮೆದುಳಿನಲ್ಲಿ, ಈ ಸುದ್ದಿಯನ್ನು ನಿರ್ವಹಿಸುವ ಭಾಗದಲ್ಲೂ ವ್ಯತ್ಯಾಸ ಕಂಡಿತು. ವರ್ಷಗಳ ಅಭ್ಯಾಸ ಬದಲಿಸಿದ್ದು ಮೆದುಳನ್ನು.

ಇದನ್ನು ಚಿಕಿತ್ಸೆಗೆ ತಂದವರು ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು. 1940ರ ದಶಕದಲ್ಲಿ ಅವರು ರೂಪಿಸಿದ ವ್ಯಾಯಾಮ ಇಂದಿಗೂ ಬಳಕೆಯಲ್ಲಿದೆ. ಮೊದಲು ಹಾಸಿಗೆಯಲ್ಲೇ ಕಣ್ಣುಗಳನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸುವುದು. ಬಳಿಕ ತಲೆಯನ್ನು ನಿಧಾನವಾಗಿ, ಅನಂತರ ವೇಗವಾಗಿ ತಿರುಗಿಸುವುದು. ಮುಂದೆ ಕುಳಿತು ಏಳುವುದು, ಚೆಂಡು ಎಸೆದು ಹಿಡಿಯುವುದು, ಮೆಟ್ಟಿಲು ಹತ್ತುವುದು. ಮಾಡುವಾಗ ತುಸು ತಲೆಸುತ್ತು ಬರುತ್ತದೆ, ಬರಲೂ ಬೇಕು. ಅದು ಬಾರದಿದ್ದರೆ ಮೆದುಳಿಗೆ ಕಲಿಯಲು ಪಾಠವೇ ಇಲ್ಲ. ತಲೆಸುತ್ತು ತಡೆಯುವ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೂ ಈ ಕಲಿಕೆ ಹಿಂದೆ ಬೀಳುತ್ತದೆ.

ಆದರೆ ಎಚ್ಚರವಿರಲಿ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ತೀವ್ರ ತಲೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಪಾರ್ಶ್ವವಾಯು ಇರಬಹುದು. ತಲೆಸುತ್ತಿಗೆ ಬೇರೆ ಕಾರಣಗಳೂ ಉಂಟು. ಎಲ್ಲಕ್ಕೂ ಈ ವ್ಯಾಯಾಮ ಮದ್ದಲ್ಲ.

ಆದ್ದರಿಂದ ಮನೆಯ ಹಿರಿಯರಿಗೆ ತಲೆಸುತ್ತು ಬಂದಾಗ, "ಏಳಬೇಡಿ, ಮಲಗಿಯೇ ಇರಿ" ಎಂದು ತಿಂಗಳುಗಟ್ಟಲೆ ಕೂಡಿಹಾಕಬೇಡಿ. ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಕರೆದೊಯ್ದು, ಮಾತ್ರೆಯ ಚೀಟಿ ಪಡೆಯುವಾಗಲೇ ಇದನ್ನೂ ಕೇಳಿ: ಇದನ್ನು ಎಷ್ಟು ದಿನ ನುಂಗಬೇಕು, ವ್ಯಾಯಾಮ ಯಾವಾಗ ಶುರು ಮಾಡಬೇಕು?