ಬೆಂಕಿ ಬೀಳುವ ಮುಂಚಿನ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಅರಣ್ಯ ಇಲಾಖೆಯಲ್ಲಿ ದುಡಿದವನು ಎಂಬ ಕಾರಣಕ್ಕೆ ಕಾಡಿನ ಬಗ್ಗೆ ನಾಲ್ಕು ಮಾತು ಆಡಲು ನನ್ನನ್ನು ಕರೆದಿದ್ದಾರೆ. ಸಂಪಗಾಂವದ ಸುತ್ತ ಎಲ್ಲಿ ನೋಡಿದರೂ ಎರೆ ಹೊಲ. ಜೋಳ, ಕಡಲೆ, ಸೋಯಾಬೀನ್, ಕಬ್ಬು. ಇಲ್ಲಿನ ಮಕ್ಕಳಿಗೆ ಕಾಡೆಂದರೆ ಪುಸ್ತಕದ ಚಿತ್ರ. ಆದರೆ ಬೆಂಕಿ ನಿಮಗೆಲ್ಲ ಗೊತ್ತು. ಬಣವೆಗೆ ಹತ್ತಿದ ಬೆಂಕಿ, ಕಬ್ಬಿನ ಪಡಕ್ಕೆ ಹತ್ತಿದ ಬೆಂಕಿ ನೋಡದವರು ಈ ಮಂಟಪದಲ್ಲಿ ಯಾರೂ ಇರಲಿಕ್ಕಿಲ್ಲ. ಆದ್ದರಿಂದ ಇವತ್ತು ಎರಡು ಬೆಂಕಿಗಳ ಕಥೆ ಹೇಳುತ್ತೇನೆ. ಒಂದು ಬಂಡೀಪುರದ್ದು, ದೇಶವೇ ನೋಡಿದ್ದು. ಇನ್ನೊಂದು ನಮ್ಮೂರಿನದು. ಅದನ್ನು ನಾನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ.

ಮೊದಲು ಬಂಡೀಪುರ. ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಹರಡಿರುವ ಈ ಹುಲಿ ಸಂರಕ್ಷಿತ ಪ್ರದೇಶ 1973ರಲ್ಲಿ ಹುಲಿ ಯೋಜನೆ ಶುರುವಾದಾಗಲೇ ಅದರಲ್ಲಿ ಸೇರಿದ ಕಾಡು. ಎಲೆ ಉದುರುವ ಕಾಡು ಅದು. ಸಂಕ್ರಾಂತಿ ಕಳೆಯಿತೆಂದರೆ ತೇಗ, ಮತ್ತಿ, ದಿಂಡಿಲು ಎಲ್ಲ ಬೋಳಾಗುತ್ತವೆ. ನೆಲದ ಮೇಲೆ ಮೊಣಕಾಲುದ್ದ ತರಗೆಲೆ, ಅದರ ಮೇಲೆ ಒಣಹುಲ್ಲು, ನಡುವೆ ಲಂಟಾನ. ಹೊರದೇಶದಿಂದ ಬಂದ ಈ ಲಂಟಾನ ಹಸಿಯಾಗಿದ್ದಾಗಲೂ ಉರಿಯುತ್ತದೆ, ಮರದ ಬುಡದಿಂದ ಕೊಂಬೆಗೆ ಬೆಂಕಿಯನ್ನು ಏಣಿ ಹತ್ತಿಸಿದಂತೆ ಹತ್ತಿಸುತ್ತದೆ.

2019ರ ಫೆಬ್ರವರಿ ಮೂರನೆಯ ವಾರ ಗೋಪಾಲಸ್ವಾಮಿ ಬೆಟ್ಟದ ಕಡೆ ಬೆಂಕಿ ಕಾಣಿಸಿತು. ಆಗ ನಾನು ಮೈಸೂರು ಕಡೆಯ ಒಂದು ವಲಯದಲ್ಲಿದ್ದೆ. ನಮ್ಮ ತಂಡಕ್ಕೂ ಕರೆ ಬಂತು. ನಾವು ತಲುಪುವಷ್ಟರಲ್ಲಿ ಬೆಟ್ಟದ ಇಳಿಜಾರು ಪೂರಾ ಹೊಗೆ. ಬೆಂಕಿ ಇಳಿಜಾರಿನಲ್ಲಿ ಕೆಳಗಿಳಿಯುವಾಗ ನಿಧಾನ, ಮೇಲೇರುವಾಗ ಓಡುತ್ತದೆ. ಬಿಸಿಗಾಳಿ ಮೇಲೆ ಹೋಗಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿ ಇಟ್ಟಿರುತ್ತದೆ. ಆ ವೇಗಕ್ಕೆ ಮನುಷ್ಯನ ಕಾಲು ಸಾಲದು. ಐದು ದಿನಗಳಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನದ ವಾಹನ ನಿಲ್ದಾಣಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಅಲ್ಲಿಯೂ ನೆಲದ ತುಂಬ ಒಣಹುಲ್ಲು.

ಕಾಡಿನ ಬೆಂಕಿಯನ್ನು ಹೇಗೆ ಆರಿಸುತ್ತಾರೆ ಎಂದು ಮಕ್ಕಳು ಕೇಳುತ್ತಾರೆ. ನೀರಿನ ಬಂಡಿ ರಸ್ತೆ ಬಿಟ್ಟು ಒಳಗೆ ಬರುವುದಿಲ್ಲ. ನಮ್ಮ ಆಯುಧ ಹಸಿ ಸೊಪ್ಪಿನ ಕೊಂಬೆ. ಹತ್ತು ಮಂದಿ ಸಾಲಾಗಿ ನಿಂತು ಉರಿಯ ಅಂಚನ್ನು ಬಡಿಯುತ್ತ ಹೋಗಬೇಕು. ಅದಕ್ಕೂ ಬಗ್ಗದಿದ್ದರೆ ಮುಂದೆ ಹೋಗಿ ತರಗೆಲೆ ಗುಡಿಸಿ ನೆಲ ಬರಿದು ಮಾಡಬೇಕು. ಅಲ್ಲಿಂದ ಎದುರು ಬೆಂಕಿ ಕೊಟ್ಟರೆ ಎರಡೂ ಕೂಡಿ ತಿನ್ನಲು ಏನೂ ಇಲ್ಲದೆ ಸಾಯುತ್ತವೆ. ಆರಿತು ಎಂದ ಮೇಲೂ ಕೆಲಸ ಮುಗಿಯುವುದಿಲ್ಲ. ಬಿದ್ದ ಮರದ ಒಳಗೆ ಕೆಂಡ ಎರಡು ದಿನ ಸುಮ್ಮನೆ ಕೂತಿದ್ದು ಮೂರನೆಯ ದಿನದ ಗಾಳಿಗೆ ಏಳುತ್ತದೆ. ಫೆಬ್ರವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ಕಟ್ಟಿಕೊಂಡು ಬಂದು ನೀರು ಸುರಿದವು. ಟಿ.ವಿ.ಯಲ್ಲಿ ನೀವೆಲ್ಲ ನೋಡಿರಬಹುದು. ಕೆಳಗೆ ಕೊಂಬೆ ಹಿಡಿದು ನಿಂತವರು ಅಷ್ಟಾಗಿ ಕಾಣಲಿಲ್ಲ.

ಯಾರು ಅವರು? ಇಲಾಖೆಯ ಕಾವಲುಗಾರರು. ಜೇನುಕುರುಬ, ಸೋಲಿಗ ಹಾಡಿಗಳಿಂದ ಬಂದ ದಿನಗೂಲಿಯ ಬೆಂಕಿ ಕಾವಲುಗಾರರು. ಕಾಡಂಚಿನ ಹಳ್ಳಿಗಳ ಹುಡುಗರು. ಮೈಸೂರು, ಬೆಂಗಳೂರಿನಿಂದ ಕೆಲಸಕ್ಕೆ ರಜೆ ಹಾಕಿ ಬಂದ ಯುವಕರು. ಕೆಲವರು ಉರಿಯ ಮುಂದೆ ನಿಂತರು, ಉಳಿದವರು ನೀರಿನ ಬಾಟಲಿ, ಮಜ್ಜಿಗೆ, ಬಾಳೆಹಣ್ಣು, ಅನ್ನದ ಪೊಟ್ಟಣ ಹೊತ್ತು ನಡೆದರು. ಹೊಗೆ ಕುಡಿದ ಗಂಟಲಿಗೆ ಒಂದು ಲೋಟ ಮಜ್ಜಿಗೆ ಏನೆಂಬುದು ಅಲ್ಲಿದ್ದವರಿಗೇ ಗೊತ್ತು.

ಈ ಕೆಲಸದಲ್ಲಿ ಜೀವ ಹೋಗುವುದೂ ಉಂಟು. ಇದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಮುರಿಗೆಪ್ಪ ಎಂಬ ಅರಣ್ಯ ರಕ್ಷಕ ಉರಿಯ ನಡುವೆ ಸಿಕ್ಕಿ ತೀರಿಕೊಂಡ. ಇನ್ನೂ ಮೂವತ್ತು ದಾಟದ ಹುಡುಗ. ಮುರಿಗೆಪ್ಪ ಎಂಬುದು ನಮ್ಮ ಕಡೆ ಓಣಿಗೊಬ್ಬರಿಗೆ ಇರುವ ಹೆಸರು. 2019ರಲ್ಲಿ ನಾನು ಕೊಂಬೆ ಹಿಡಿದು ನಿಂತಾಗಲೆಲ್ಲ ಆ ಹೆಸರು ನೆನಪಾಗುತ್ತಿತ್ತು.

ಅಲ್ಲಿ ಒಂದು ಮಾತು ನನ್ನ ಮನಸ್ಸಿಗೆ ಚುಚ್ಚಿತು. ಬೆಂಕಿ ಆರುವ ಮೊದಲೇ ಯಾರು ಹಚ್ಚಿದರು ಎಂಬ ಚರ್ಚೆ ಶುರುವಾಗಿತ್ತು. ನಮ್ಮ ಒಣ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಬಹುತೇಕ ಮನುಷ್ಯನ ಕೈಯೇ. ಒಂದು ಬೀಡಿ, ಒಂದು ಸಿಟ್ಟು, ಒಂದು ಅಜಾಗರೂಕತೆ. ಹಾಗಾಗಿ ಎಲ್ಲರ ಬೆರಳೂ ಹಾಡಿಯವರ ಕಡೆ, ದನಗಾಹಿಗಳ ಕಡೆ ತಿರುಗಿತು. ನನ್ನ ಪಕ್ಕದಲ್ಲಿ ಕುಳಿತು ಸುಟ್ಟ ಚಪ್ಪಲಿ ಬಿಚ್ಚುತ್ತಿದ್ದ ಒಬ್ಬ ಜೇನುಕುರುಬ ಕಾವಲುಗಾರ ಮೆಲ್ಲಗೆ ಹೇಳಿದ: “ಹಚ್ಚಿದೋರು ಯಾರು ಅಂತ ಎಲ್ರೂ ಕೇಳ್ತಾರೆ ಸಾ. ಆರಿಸೋಕೆ ಮಾತ್ರ ನಮ್ಮನ್ನೇ ಕರೀತಾರೆ.” ನನಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಮ್ಮೂರಿನ ಇನ್ನೊಂದು ಬೆಂಕಿ.

ಅದನ್ನು ಈಗ ಹೇಳುತ್ತೇನೆ. ನಾನು ಇದೇ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದೆ. ಒಂದು ರವಿವಾರ ನಾವು ಮೂವರು ಹುಡುಗರು ಒಬ್ಬರ ಹೊಲದಿಂದ ಕಡಲೆ ಗಿಡ ಕಿತ್ತುಕೊಂಡು ಸುಲಗಾಯಿ ಸುಡಲು ಕುಳಿತೆವು. ಗಾಳಿ ಬೀಸುತ್ತಿತ್ತು, ಮರೆ ಬೇಕಿತ್ತು. ಮರೆಗೆ ಸಿಕ್ಕದ್ದು ಕಣಿಕೆಯ ಬಣವೆ. ಮುಂದೆ ಆದದ್ದನ್ನು ನೀವೇ ಊಹಿಸಬಲ್ಲಿರಿ. ಒಂದು ಕಿಡಿ ಹಾರಿತು. ನಾವು ಕಾಲಿನಿಂದ ತುಳಿದೆವು, ಮಣ್ಣು ಎರಚಿದೆವು. ಉರಿ ತಲೆಯ ಎತ್ತರಕ್ಕೆ ಎದ್ದಾಗ ಓಡಿಹೋದೆವು. ಹೌದು, ಓಡಿಹೋದೆವು. ಊರಿಗೆ ಹೋಗಿ ಕೂಗಲೂ ಇಲ್ಲ.

ಹೊಗೆ ನೋಡಿ ಊರೇ ಬಂತು. ಅಗ್ನಿಶಾಮಕದ ಬಂಡಿಗೆ ಕಾಯುವ ಕಾಲ ಅದಲ್ಲ. ಬಾವಿಯಿಂದ ಬಣವೆಯವರೆಗೆ ಹೆಣ್ಣುಮಕ್ಕಳು ಸಾಲಾಗಿ ನಿಂತು ಕೊಡ ದಾಟಿಸಿದರು. ಗಂಡಸರು ನೀರಲ್ಲಿ ಅದ್ದಿದ ಕಂಬಳಿ, ಕೌದಿ ಹೊದಿಸಿ ಪಕ್ಕದ ಬಣವೆಗಳನ್ನು ಉಳಿಸಿದರು, ನಡುವಿನ ಒಂದನ್ನು ಕಿತ್ತು ಹರವಿ ಬೆಂಕಿಯ ದಾರಿ ಕಡಿದರು. ಒಬ್ಬರಿಗೊಬ್ಬರು ಮಾತು ಬಿಟ್ಟ ಮನೆಗಳವರೂ ಆ ಸಾಲಿನಲ್ಲಿ ಅಕ್ಕಪಕ್ಕ ನಿಂತಿದ್ದರು. ನಾನು ಆ ಗುಂಪಿನಲ್ಲಿ ಸೇರಿಕೊಂಡು ಏನೂ ಅರಿಯದವನಂತೆ ಕೊಡ ಹೊತ್ತೆ. ಆದರೂ ಒಬ್ಬ ಬಡ ರೈತನ ಎರಡು ಬಣವೆ ಬೂದಿಯಾದವು. ವರ್ಷದ ಮೇವು ಅದು. ಮೇವಿಲ್ಲದ ಮೇಲೆ ಎತ್ತು ಮಾರಬೇಕು, ಎತ್ತು ಮಾರಿದ ಮೇಲೆ ಹೊಲ ಬೀಳು ಬೀಳುತ್ತದೆ.

ಮರುದಿನದಿಂದ ಆ ಮನೆಯ ಮುಂದೆ ಕಣಿಕೆಯ ಹೊರೆಗಳು ಬಂದು ಬಿದ್ದವು. ಯಾರೂ ಸಭೆ ಸೇರಿಸಲಿಲ್ಲ, ಪಟ್ಟಿ ಬರೆಯಲಿಲ್ಲ. ಚಕ್ಕಡಿ ಇದ್ದವರು ಚಕ್ಕಡಿಯಲ್ಲಿ, ಇಲ್ಲದವರು ತಲೆಯ ಮೇಲೆ ತಂದರು. ನಮ್ಮ ಅಪ್ಪನೂ ನನ್ನ ತಲೆಯ ಮೇಲೆ ಒಂದು ಹೊರೆ ಹೊರಿಸಿ ಕಳಿಸಿದ. ಆ ಹೊರೆಯ ಭಾರ ಇವತ್ತಿಗೂ ಇಳಿದಿಲ್ಲ. ಆ ರೈತ ಎತ್ತು ಮಾರಲಿಲ್ಲ. ಯಾರು ಹಚ್ಚಿದರು ಎಂದು ಊರು ಎರಡು ದಿನ ಮಾತಾಡಿತು. ಹೊರಗಿನಿಂದ ಬಂದು ಹಳ್ಳದ ದಂಡೆಯಲ್ಲಿ ಗುಡಿಸಲು ಹಾಕಿದ್ದ ಕುರಿಗಾರರ ಮೇಲೆ ಸಂಶಯ ಬಂತು. ಅವರು ಮರುವಾರ ಎದ್ದು ಹೋದರು. ನಾನು ಬಾಯಿ ಬಿಡಲಿಲ್ಲ. ಬಣವೆ ಸುಟ್ಟದ್ದು ಹುಡುಗಾಟಿಕೆಯ ತಪ್ಪು. ಬೇರೆಯವರ ಮೇಲೆ ಅಪವಾದ ಬಂದಾಗ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಬಂಡೀಪುರದಲ್ಲಿ ಆ ಕಾವಲುಗಾರನ ಮುಂದೆ ನನ್ನ ತಲೆ ತಗ್ಗಿದ್ದು ಅದಕ್ಕೇ.

ಕೆಲವು ವರ್ಷಗಳ ನಂತರ ನನಗೆ ಅರಣ್ಯ ರಕ್ಷಕನ ನೌಕರಿಯ ಆದೇಶ ಬಂತು. ಹಿರಿಯರಿಗೆ ನಮಸ್ಕಾರ ಮಾಡಲು ಓಣಿಯಲ್ಲಿ ಹೊರಟಾಗ ಆ ರೈತ ಕಟ್ಟೆಯ ಮೇಲೆ ಕುಳಿತಿದ್ದ. ಬಾಗಿ ನಮಸ್ಕರಿಸಿದೆ. ಬೆನ್ನ ಮೇಲೆ ಕೈಯಿಟ್ಟು ಹೇಳಿದ: “ಬೆಂಕಿ ಕಾಯೂ ನೌಕರಿ ಅಂತಲ್ಲೋ ತಮ್ಮಾ, ಚೊಲೋ ಆತು. ಸುಲಗಾಯಿ ಸುಡೂವಾಗ ಗಾಳಿ ಯಾ ಕಡೆ ಐತಿ ಅನ್ನೂದು ಮೊದಲ ನೋಡ್ಕೋ.” ಅಷ್ಟೇ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನ ಹೆಸರು ಕೆಡದಿರಲಿ ಎಂದು ಎರಡು ಬಣವೆ ಕಳೆದುಕೊಂಡವನು ಸುಮ್ಮನಿದ್ದ. ಈಗ ಅವನಿಲ್ಲ. ಆ ಕುರಿಗಾರರು ಎಲ್ಲಿದ್ದಾರೋ. ಅವರ ಕ್ಷಮೆ ಕೇಳಲು ನನಗೆ ಉಳಿದಿರುವ ಜಾಗ ಈ ಶಾಲೆಯ ಅಂಗಳವೊಂದೇ.

ಆ ದಿನ ಊರು ಸಾಲಾಗಿ ನಿಂತದ್ದು ಹೇಗೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಾವಿಯ ಹಾದಿ ಎಲ್ಲರಿಗೂ ಗೊತ್ತಿತ್ತು. ಯಾರ ಮನೆಯಲ್ಲಿ ಕಂಬಳಿ ಇದೆ, ಯಾರ ಮನೆಯಲ್ಲಿ ಹಗ್ಗ ಇದೆ ಗೊತ್ತಿತ್ತು. ಆಯಾ, ಮುಯ್ಯಿ ಎಂದು ಒಬ್ಬರ ಹೊಲದಲ್ಲಿ ಒಬ್ಬರು ದುಡಿದ ರೂಢಿಯಿತ್ತು. ಬೆಂಕಿ ಬಿದ್ದಾಗ ಅವರು ಹೊಸದಾಗಿ ಏನೂ ಕಲಿಯಬೇಕಾಗಿರಲಿಲ್ಲ. ಕಾಡಿನಲ್ಲೂ ಹೀಗೆಯೇ. ಬೆಂಕಿ ಗೆರೆಗಳನ್ನು ಸವರುವುದು ಡಿಸೆಂಬರಿನಲ್ಲಿ, ಬೆಂಕಿ ಬರುವುದು ಫೆಬ್ರವರಿಯಲ್ಲಿ. ಡಿಸೆಂಬರಿನಲ್ಲಿ ಗೆರೆ ಸರಿಯಾಗಿ ಸವರದಿದ್ದರೆ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಬೇಕಾಗುತ್ತದೆ. ಕಾಡಂಚಿನ ಜನರ ಜೊತೆ ವರ್ಷವಿಡೀ ಮಾತುಕತೆ ಇದ್ದಲ್ಲಿ ಹೊಗೆ ಕಂಡ ಕೂಡಲೇ ಫೋನು ಬರುತ್ತದೆ. ಮನಸ್ಸು ಮುರಿದಲ್ಲಿ ಯಾರೂ ಹೇಳುವುದಿಲ್ಲ.

ಬಂಡೀಪುರದ ಮಳೆಗಾಲ ಕಳೆದ ಮೇಲೆ, 2019ರ ಕೊನೆ ಮತ್ತು 2020ರ ಆರಂಭದಲ್ಲಿ, ಆಸ್ಟ್ರೇಲಿಯಾ ಸುಟ್ಟಿತು. 33 ಜನ ಸತ್ತರು, ಅವರಲ್ಲಿ ಒಂಬತ್ತು ಮಂದಿ ಬೆಂಕಿ ಆರಿಸಲು ಹೋದವರು. 3,000ಕ್ಕೂ ಹೆಚ್ಚು ಮನೆಗಳು ಹೋದವು. ಅಲ್ಲಿಯ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಗ್ರಾಮೀಣ ಅಗ್ನಿಶಾಮಕ ಸೇವೆಯಿದೆ. ಅದರ ಸುಮಾರು 70,000 ಸದಸ್ಯರು ಸಂಬಳವಿಲ್ಲದ ಸ್ವಯಂಸೇವಕರು: ರೈತರು, ಅಂಗಡಿಯವರು, ಶಿಕ್ಷಕರು. ಬೆಂಕಿಯಿಲ್ಲದ ತಿಂಗಳುಗಳಲ್ಲೇ ಸೇರಿ ಅಭ್ಯಾಸ ಮಾಡುತ್ತಾರೆ. ವಿಕ್ಟೋರಿಯಾ ರಾಜ್ಯದಲ್ಲಿ ನಮ್ಮ ದೇಶದಿಂದ ಹೋದ ಸಿಖ್ಖರು ಮನೆ ಬಿಟ್ಟು ಬಂದವರಿಗೆ ಅನ್ನ, ಸಾರು ಬೇಯಿಸಿ ಬಡಿಸಿದರು. ಅವರಿಗೆ ಅದು ಗುರುದ್ವಾರದ ನಿತ್ಯದ ದಾಸೋಹ. ಬಸವಣ್ಣನ ನಾಡಿನವರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಟ್ರೇಲಿಯಾ ದೂರ, ಬಂಡೀಪುರವೂ ದೂರ ಎನ್ನಬಹುದು. 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯ ಮತ್ತು ಸುತ್ತಲಿನ ಕಾಡುಗಳಲ್ಲಿ ದಿನಗಟ್ಟಲೆ ಬೆಂಕಿ ಉರಿಯಿತು. ಅಲ್ಲಿಗೂ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದವು. ಆ ಕಾಡಿಗೆ ತಾಗಿಯೇ ಇರುವುದು ನಮ್ಮ ಖಾನಾಪುರದ ಭೀಮಗಡದ ಕಾಡು. ಅದೇ ಮಲೆಯ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ನಾವು ಕುಡಿಯುವ ನೀರು, ನಮ್ಮ ಕಬ್ಬು ಕುಡಿಯುವ ನೀರು, ಮುಂದೆ ಸವದತ್ತಿಯ ನವಿಲುತೀರ್ಥದ ಜಲಾಶಯ ತುಂಬುವ ನೀರು ಅಲ್ಲಿಯದು. ರಾಯಣ್ಣನಿಗೆ ಆಸರೆ ಕೊಟ್ಟದ್ದೂ ನಂದಗಡದ ಆ ಕಡೆಯ ಕಾಡೇ. ಅಲ್ಲಿ ತರಗೆಲೆ ಸುಟ್ಟರೆ ಮಳೆ ನೀರು ನೆಲಕ್ಕೆ ಇಳಿಯದೆ ಮಣ್ಣು ಹೊತ್ತು ಓಡುತ್ತದೆ. ಅದರ ಲೆಕ್ಕ ನಮ್ಮ ಬಾವಿಗಳಲ್ಲಿ ಸಿಗುತ್ತದೆ.

ಕೊನೆಗೆ ಮೂರು ಕೆಲಸ ಕೇಳುತ್ತೇನೆ. ರೈತ ಬಂಧುಗಳೆ, ಬಣವೆಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟಬೇಡಿ, ವಿದ್ಯುತ್ ತಂತಿಯ ಕೆಳಗಂತೂ ಬೇಡ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚದೆ ಸಾಲಿನಲ್ಲೇ ಹರವಿ ಕೊಳೆಸಿರಿ. ಅದು ಗೊಬ್ಬರವೂ ಹೌದು, ತೇವದ ಹೊದಿಕೆಯೂ ಹೌದು. ಶಿಕ್ಷಕರೆ, ಪ್ರತಿ ವರ್ಷ ಸುಗ್ಗಿಗೆ ಮುಂಚೆ ಒಂದು ದಿನ ಮಕ್ಕಳಿಗೆ ಬೆಂಕಿಯ ಪಾಠ ಮಾಡಿ: ಯಾವ ಬಾವಿಯಲ್ಲಿ ನೀರಿದೆ, ಯಾರ ಬಳಿ ಪಂಪು ಇದೆ, 112ಕ್ಕೆ ಕರೆ ಮಾಡಿ ಏನು ಹೇಳಬೇಕು. ಮಕ್ಕಳೆ, ನಿಮಗೆ ಒಂದೇ ಮಾತು. ನಿಮ್ಮ ಕೈಯಿಂದಲೇ ಬೆಂಕಿ ಬಿದ್ದರೂ ಓಡಿಹೋಗಿ ಅಡಗಬೇಡಿ. ಊರಿನ ಕಡೆಗೆ ಓಡಿ, ಗಟ್ಟಿಯಾಗಿ ಕೂಗಿ. ಬೈಗುಳ ನಾಳೆಗೆ ಮರೆತುಹೋಗುತ್ತದೆ. ಕೂಗದೆ ಉಳಿದ ಕೂಗು ಮರೆಯುವುದಿಲ್ಲ. ಇದನ್ನು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಹೊತ್ತವನು ಹೇಳುತ್ತಿದ್ದೇನೆ.