ನಾಲ್ಕು ತಾಲ್ಲೂಕಿಗೆ ಒಂದೇ ಸ್ಟಾಫ್ ರೂಮು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಗೆಳೆಯರು ದುಡ್ಡು ಹಾಕಿ ಶಾಲೆಗೆ ಪ್ರೊಜೆಕ್ಟರ್ ಕೊಡಿಸಿದೆವು. ಹಾರ ಹಾಕಿಸಿಕೊಂಡೆವು, ಫೋಟೋ ತೆಗೆಸಿಕೊಂಡೆವು. ಮರುವರ್ಷ ಬಂದು ನೋಡಿದರೆ ಅದು ಬೀರುವಿನಲ್ಲಿತ್ತು. ಗಣಿತದ ಮೇಷ್ಟ್ರು ನಗುತ್ತಲೇ ಹೇಳಿದರು: "ನೀವು ಯಾರೂ ನನ್ನ ಕೇಳಲೇ ಇಲ್ಲವಲ್ಲಪ್ಪಾ. ಅದರಲ್ಲಿ ತೋರಿಸೋಕೆ ಒಂದು ಪಾಠ ತಯಾರು ಮಾಡಬೇಕಾದರೆ ಮೂರು ಗಂಟೆ ಬೇಕು. ಆ ಮೂರು ಗಂಟೆ ಯಾರು ಕೊಡ್ತಾರೆ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಇವತ್ತು ಬಂದಿದ್ದೇನೆ.

ಹಳ್ಳಿ ಹೈಸ್ಕೂಲಿನಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರು. ಸಂಶಯ ಬಂದರೆ ಕೇಳಲು ಪಕ್ಕದ ಕೊಠಡಿಯಲ್ಲಿ ಇನ್ನೊಬ್ಬ ಗಣಿತದವರಿಲ್ಲ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯನ್ನೇ ಒಂದು ಸ್ಟಾಫ್ ರೂಮು ಎಂದುಕೊಂಡರೆ?

ಇದು ಹೊಸ ಕನಸಲ್ಲ. 2011ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ಆರಂಭವಾಯಿತು. ಡಿ.ಎಸ್.ಇ.ಆರ್.ಟಿ. ಜೊತೆ ಐಟಿ ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿತ್ತು. ತರಬೇತಿಯಲ್ಲಿ ಪರಿಚಯವಾದ ಶಿಕ್ಷಕರು ಊರಿಗೆ ಮರಳಿದ ಮೇಲೂ ಇಮೇಲ್‌ನಲ್ಲಿ ಪ್ರಶ್ನೆ ಕೇಳಿಕೊಂಡರು, ಪಾಠ ಹಂಚಿಕೊಂಡರು. 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಜಾಲತಾಣವೂ ಬೆಳೆಯಿತು. ವಿಕಿಪೀಡಿಯದ ಹಾಗೆ ಹಲವರು ಸೇರಿ ಬರೆದು ತಿದ್ದುವ ತಾಣ ಅದು.

ಈಗ ಹತ್ತನೇ ತರಗತಿಯ ತ್ರಿಕೋನಮಿತಿ ಪಾಠವನ್ನೇ ತೆಗೆದುಕೊಳ್ಳಿ. ಮಧುಗಿರಿಯ ಮೇಷ್ಟ್ರೊಬ್ಬರು ನಮ್ಮ ಏಕಶಿಲಾ ಬೆಟ್ಟದ ಫೋಟೋವನ್ನು ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ ಉನ್ನತ ಕೋನ ಎಳೆಯಲಿ. ಶಿರಾದ ಮೇಡಂ, ಮಕ್ಕಳು ಎಲ್ಲಿ ತಪ್ಪುತ್ತಾರೆಂದು ನೋಡಿ ಎರಡು ಪ್ರಶ್ನೆ ಸೇರಿಸಲಿ. ಕೊರಟಗೆರೆಯವರು ಕರೆಂಟ್ ಇಲ್ಲದ ದಿನಕ್ಕೆ ಕೋನಮಾಪಕ, ದಾರ, ಕಲ್ಲು ಕಟ್ಟಿ ಬಯಲಿನಲ್ಲಿ ಅಳೆಯುವ ಚಟುವಟಿಕೆ ಬರೆಯಲಿ. ಪಾವಗಡದವರು ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೂ ತಿಳಿಯುವಂತೆ ಮಾತು ಸರಳ ಮಾಡಲಿ. ಮೂರು ಗಂಟೆಯ ಕೆಲಸ ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಉಳಿದ ಹೊತ್ತಿನಲ್ಲಿ ಮೇಷ್ಟ್ರು ಹಿಂದಿನ ಬೆಂಚಿನ ಮಗುವಿನ ಪಕ್ಕ ಕೂರಬಹುದು. ಆ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಮನವಿ ಇಷ್ಟೇ. ಏನೇ ಕೊಡುವ ಮುನ್ನ ಶಿಕ್ಷಕರನ್ನು ಕೇಳೋಣ. ಕೆಟ್ಟದ್ದನ್ನು ರಿಪೇರಿ ಮಾಡಿಸಲು, ಇಂಟರ್ನೆಟ್ ಬಿಲ್ ಕಟ್ಟಲು ಒಂದು ಸಣ್ಣ ನಿಧಿ ಇಡೋಣ. ನನ್ನ ಪಾಲಿಗೆ ತಿಂಗಳಿಗೊಂದು ಶನಿವಾರ ಇಲ್ಲಿಗೆ ಬರುತ್ತೇನೆ, ಮೇಷ್ಟ್ರು ಹೇಳಿದ ಕೆಲಸ ಮಾಡುತ್ತೇನೆ.

ಸಾರ್, ಈ ಸಲ ನನಗೆ ಹಾರ ಬೇಡ. ಆ ಬೀರುವಿನ ಬೀಗದ ಕೈ ಕೊಡಿ, ಸಾಕು.